ನೋವಿಗೆ ಅರಿಶಿಣ, ಗಾಯಕ್ಕೆ ಜೇನು: ಪರೀಕ್ಷೆ ಹೆಂಗ ಮಾಡ್ತಾರ, ಲೇಬಲ್ ಮ್ಯಾಲೆ ಏನು ಬರೀಬೇಕು?



ತಿಂಗಳಿಗೆ ಎರಡು ಮೂರು ಸಲ ನನಗೆ ವಾಟ್ಸ್‌ಆ್ಯಪ್‌ನಾಗ ಒಂದೇ ನಮೂನಿ ಪ್ರಶ್ನೆ ಬರ್ತದ. “ಅಣ್ಣಾ, ನಮ್ಮ ಅರಿಶಿಣ ಪುಡಿ ಪಾಕೀಟಿನ ಮ್ಯಾಲೆ ‘ಮೊಣಕಾಲು ನೋವಿಗೆ ರಾಮಬಾಣ’ ಅಂತ ಬರೀಬಹುದೇನು?” “ನಮ್ಮ ತುಡುವೆ ಜೇನು ಗಾಯ ಮಾಯಿಸ್ತೈತಿ ಅಂತ ಬೋರ್ಡ್ ಹಾಕಿದ್ರ ತಪ್ಪೇನು?” “ಗಬ್ಬು ಸೇವಂತಿ ಸೊಪ್ಪಿಗೆ ಕಂಪನಿಯವರು ರೇಟ್ ಕೊಡ್ತಾರಂತ, ಖರೇನಾ?”

ಕೇಳುವವರ ಮನಸ್ಸು ನನಗೂ ಗೊತ್ತು. ಕಲಘಟಗಿ ರಸ್ತೆಯ ನಮ್ಮ ಹೊಲದಲ್ಲಿ ಆಪೂಸ್ ಮಾವಿನ ಸಾಲಿನ ನಡುವೆ ಅರಿಶಿಣ ಇದೆ, ಬದುವಿನ ಮೇಲೆ ತುಡುವೆ ಪೆಟ್ಟಿಗೆಗಳಿವೆ. ಔಷಧಿ ಗುಣದ ಹೆಸರು ಹೇಳಿದರೆ ಕೆ.ಜಿ.ಗೆ ಐವತ್ತು ನೂರು ರೂಪಾಯಿ ಹೆಚ್ಚು ಸಿಗುತ್ತದೆ. ಆದರೆ “ಗುಣ ಐತಿ” ಅನ್ನುವ ಮಾತಿನ ಹಿಂದೆ ಏನು ಪರೀಕ್ಷೆ ನಡೆದಿದೆ ಅನ್ನುವುದು ಗೊತ್ತಿಲ್ಲದೆ ಅದನ್ನು ಮಾರಿದರೆ, ಒಂದು ದಿನ ಅದರ ಬೆಲೆಯನ್ನು ಬೇರೆ ಯಾರೋ ತೆರಬೇಕಾಗುತ್ತದೆ. ಅದಕ್ಕೇ ಈ ವಾರ ಒಂದು ಪಾಠ. ಸಸ್ಯದ್ದಾಗಲಿ, ಜೇನಿನದಾಗಲಿ, ಒಂದು ಪದಾರ್ಥ ನೋವು, ಬಾವು, ಗಾಯಕ್ಕೆ ಕೆಲಸ ಮಾಡುತ್ತದೋ ಇಲ್ಲವೋ ಅಂತ ಹೇಗೆ ಪರೀಕ್ಷಿಸುತ್ತಾರೆ? ಆ ಫಲಿತಾಂಶವನ್ನು ನಾವು ಮೊಬೈಲ್‌ನಲ್ಲಿ ಹೇಗೆ ಓದಬೇಕು?

ಮೊದಲು ನೋವು, ಬಾವು ಅಂದ್ರ ಏನು?

ಕಾಲಿಗೆ ಕುಂಟಿಯ ಏಟು ಬಿತ್ತು ಅನ್ಕೋರಿ. ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಇದಕ್ಕೆ ಉರಿಯೂತ ಅಂತಾರೆ. ಇದು ರೋಗವಲ್ಲ, ದೇಹದ ರಿಪೇರಿ ಕೆಲಸದ ಮೊದಲ ಹಂತ. ಏಟು ಬಿದ್ದ ಜೀವಕೋಶಗಳು ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಸಂದೇಶ ಬಿಡುತ್ತವೆ. ರಕ್ತನಾಳ ಹಿಗ್ಗುತ್ತದೆ, ನೀರು ಸೋರುತ್ತದೆ, ನರದ ತುದಿ ಚುರುಕಾಗುತ್ತದೆ. ಆಸ್ಪಿರಿನ್ ಈ ಪ್ರೊಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತದೆ ಅಂತ 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದರು. 1982ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು.

ಆಸ್ಪಿರಿನ್ ಮೂಲವೂ ಗಿಡವೇ ನೋಡ್ರಿ. ವಿಲೋ ಮರದ ತೊಗಟೆಯ ಕಷಾಯವನ್ನು ಯುರೋಪಿನ ಹಳ್ಳಿಗರು ಜ್ವರ, ನೋವಿಗೆ ಕುಡಿಯುತ್ತಿದ್ದರು. ಅದರೊಳಗಿನ ಅಂಶವನ್ನು ಬೇರ್ಪಡಿಸಿ, ಹೊಟ್ಟೆಗೆ ಸ್ವಲ್ಪ ಹಗುರವಾಗುವ ಹಾಗೆ ಬದಲಿಸಿ, 1897ರಲ್ಲಿ ಜರ್ಮನಿಯಲ್ಲಿ ಆಸ್ಪಿರಿನ್ ಮಾಡಿದರು. ಅಂದರೆ ಅಜ್ಜಿಯ ಮದ್ದಿನಲ್ಲಿ ಸತ್ಯ ಇರಬಹುದು. ಆದರೆ ತೊಗಟೆಯಿಂದ ಗುಳಿಗೆಯವರೆಗೆ ನಡುವೆ ದೊಡ್ಡ ಪರೀಕ್ಷೆಯ ದಾರಿ ಇದೆ. ಆ ದಾರಿಯ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲ ಮೆಟ್ಟಿಲು: ಗಿಡದ ಗುರುತು

ಇದು ನಮ್ಮ ಹೊಲದಲ್ಲೇ ಶುರುವಾಗುತ್ತದೆ. ಹುಬ್ಬಳ್ಳಿ, ಧಾರವಾಡದಲ್ಲಿ ಫಾರ್ಮಸಿ ಕಾಲೇಜುಗಳಿವೆ. ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇದೆ. ಇಂಥ ಕಡೆಯ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಸೊಪ್ಪು, ಬೇರು, ಜೇನು ಹುಡುಕಿಕೊಂಡು ಹೊಲಕ್ಕೆ ಬರುತ್ತಾರೆ. ಮೊದಲು ಸಸ್ಯಶಾಸ್ತ್ರದವರಿಗೆ ತೋರಿಸಿ, ಒಣಗಿಸಿ ಅಂಟಿಸಿದ ಮಾದರಿಗೆ ನಂಬರ್ ಹಾಕಿಸುತ್ತಾರೆ. ಯಾಕಂದ್ರ ಒಂದೇ ಹೆಸರಿಗೆ ನಾಲ್ಕು ಗಿಡ, ಒಂದೇ ಗಿಡಕ್ಕೆ ನಾಲ್ಕು ಹೆಸರು ನಮ್ಮಲ್ಲಿ ಸಾಮಾನ್ಯ.

ನೀವು ಸೊಪ್ಪು ಕೊಡುವಾಗ ಮೂರು ವಿಷಯ ಬರೆದು ಕೊಡ್ರಿ: ಕೊಯ್ದ ದಿನ, ಕೊಯ್ದ ಜಾಗ, ಅಲ್ಲಿ ಕಳೆನಾಶಕ ಅಥವಾ ಕೀಟನಾಶಕ ಹೊಡೆದ ದಿನ. ಬದುವಿನ ಗಬ್ಬು ಸೇವಂತಿಗೆ ಹತ್ತಿ ಹೊಲದ ಸ್ಪ್ರೇ ಬಿದ್ದಿದ್ದರೆ, ಲ್ಯಾಬ್‌ನಲ್ಲಿ ಅವರು ಪರೀಕ್ಷಿಸುವುದು ಗಿಡವನ್ನೋ, ಕೀಟನಾಶಕವನ್ನೋ? ಪ್ರಯೋಗ ಕೆಡುವುದು ಇಲ್ಲೇ.

ಎರಡನೇ ಮೆಟ್ಟಿಲು: ಗಾಜಿನ ತಟ್ಟೆ

ಸೊಪ್ಪಿನ ಸಾರ ತೆಗೆದು, ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಅಥವಾ ಜೀವಕೋಶದ ಮೇಲೆ ಹಾಕಿ ನೋಡುತ್ತಾರೆ. ಇಲ್ಲಿ ಸಾವಿರಾರು ಸಾರಗಳು ಪಾಸಾಗುತ್ತವೆ. ಉಪ್ಪು, ಸೋಪು, ಬೂದಿ ನೀರು ಕೂಡ ಬ್ಯಾಕ್ಟೀರಿಯಾ ಕೊಲ್ಲುತ್ತವೆ! ತಟ್ಟೆಯಲ್ಲಿ ಹೊಟ್ಟೆ ಇಲ್ಲ, ಲಿವರ್ ಇಲ್ಲ, ರಕ್ತ ಇಲ್ಲ. ಅದಕ್ಕೇ “ಸಂಶೋಧನೆಯಿಂದ ಸಾಬೀತು” ಅನ್ನುವ ಸುದ್ದಿ ನೋಡಿದಾಗ ಮೊದಲು ಕೇಳಬೇಕಾದ್ದು: ತಟ್ಟೆಯೊಳಗೋ, ಇಲಿಯೊಳಗೋ, ಮನುಷ್ಯರೊಳಗೋ?

ಮೂರನೇ ಮೆಟ್ಟಿಲು: ಇಲಿ

ಬಾವಿನ ಪರೀಕ್ಷೆಗೆ ಜಗತ್ತಿನಾದ್ಯಂತ ಹೆಚ್ಚು ಬಳಸುವ ವಿಧಾನ 1962ರಿಂದ ನಡೆದುಬಂದಿದೆ. ಕೆಂಪು ಸಮುದ್ರ ಪಾಚಿಯಿಂದ ತೆಗೆದ ಕ್ಯಾರಗೀನನ್ ಅನ್ನುವ ಅಂಟು ಪದಾರ್ಥವನ್ನು ಒಂದು ಹನಿಯಷ್ಟು ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚುತ್ತಾರೆ. ಪಾದ ಊದುತ್ತದೆ. ಪಾದವನ್ನು ದ್ರವದಲ್ಲಿ ಅದ್ದಿ, ಎಷ್ಟು ದ್ರವ ಮೇಲೇರಿತು ಅನ್ನುವುದರಿಂದ ಊತ ಅಳೆಯುತ್ತಾರೆ.

ಲೆಕ್ಕ ಹೀಗೆ. ಉದಾಹರಣೆಗೆ, ಏನೂ ಮದ್ದು ಕೊಡದ ಗುಂಪಿನಲ್ಲಿ ಮೂರು ಗಂಟೆಯ ಹೊತ್ತಿಗೆ ಊತ 0.80 ಮಿ.ಲೀ. ಅಂತ ಇಟ್ಕೊಳ್ರಿ. ಸೊಪ್ಪಿನ ಸಾರ ಕುಡಿಸಿದ ಗುಂಪಿನಲ್ಲಿ 0.48. ಡೈಕ್ಲೋಫೆನಾಕ್ ಕೊಟ್ಟ ಗುಂಪಿನಲ್ಲಿ 0.36. ಸಾರ ಊತವನ್ನು ಶೇ. 40 ತಗ್ಗಿಸಿತು, ಗೊತ್ತಿರುವ ಔಷಧಿ ಶೇ. 55 ತಗ್ಗಿಸಿತು. ಮೂರು ಗುಂಪು ಇದ್ದಾಗ ಮಾತ್ರ ಈ ಸಂಖ್ಯೆಗೆ ಅರ್ಥ. ಮದ್ದಿಲ್ಲದ ಗುಂಪು ಇರದಿದ್ದರೆ, ಊತ ತಾನಾಗಿಯೇ ಇಳಿಯಿತೋ ಮದ್ದಿನಿಂದ ಇಳಿಯಿತೋ ಹೇಳಲಾಗದು.

ನೋವಿಗೆ ಬೇರೆ ಪರೀಕ್ಷೆಗಳಿವೆ. ಸುಮಾರು 55 ಡಿಗ್ರಿ ಬಿಸಿಯ ತಟ್ಟೆಯ ಮೇಲೆ ಇಲಿಮರಿ ಎಷ್ಟು ಸೆಕೆಂಡಿಗೆ ಕಾಲು ನೆಕ್ಕುತ್ತದೆ ಅಂತ ನೋಡುತ್ತಾರೆ, ಗಾಯವಾಗದಂತೆ ಕೆಲವೇ ಸೆಕೆಂಡಿನಲ್ಲಿ ಎತ್ತಿಬಿಡುತ್ತಾರೆ. ಗಾಯದ ಪರೀಕ್ಷೆ ಎರಡು ಥರ. ಒಂದರಲ್ಲಿ ಬೆನ್ನಿನ ಚರ್ಮದ ಸಣ್ಣ ತುಂಡು ತೆಗೆದು, ಗಾಯ ಎಷ್ಟು ದಿನಕ್ಕೆ ಮುಚ್ಚುತ್ತದೆ ಅಂತ ಪಾರದರ್ಶಕ ಹಾಳೆಯ ಮೇಲೆ ಗುರುತು ಹಾಕುತ್ತಾ ಹೋಗುತ್ತಾರೆ. ಇನ್ನೊಂದರಲ್ಲಿ ಕುಯ್ದು ಹೊಲಿದು, ಹತ್ತನೇ ದಿನ ಆ ಚರ್ಮ ಎಷ್ಟು ಎಳೆತ ತಡೆಯುತ್ತದೆ ಅಂತ ಅಳೆಯುತ್ತಾರೆ. ಬೇಗ ಮುಚ್ಚಿದ ಗಾಯ ಗಟ್ಟಿಯಾಗಿಯೂ ಮಾಯಬೇಕಲ್ಲ, ಅದಕ್ಕೆ.

ಇದೆಲ್ಲ ಮನಸ್ಸಿಗೆ ಬಂದ ಹಾಗೆ ಮಾಡುವ ಹಾಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಪ್ರತಿ ಸಂಸ್ಥೆಗೂ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ಎಷ್ಟು ಇಲಿ, ಯಾಕೆ, ನೋವು ಹೇಗೆ ಕಡಿಮೆ ಮಾಡ್ತೀರಿ ಅಂತ ಉತ್ತರ ಕೊಡಬೇಕು.

ನಮ್ಮ ಬದುವಿನ ಗಬ್ಬು ಸೇವಂತಿ ಅಂದ್ರೆ ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಉದ್ದ ದೇಟಿನ ತುದಿಗೆ ಹಳದಿ ನಡುವಿನ ಸಣ್ಣ ಬಿಳಿ ಹೂ. ಕುಡಗೋಲು ತಾಗಿದಾಗ ಇದರ ಸೊಪ್ಪು ತಿಕ್ಕಿ ಹಚ್ಚುವುದು ನಮ್ಮಲ್ಲಿ ಹಳೇ ರೂಢಿ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಸಂಶೋಧಕರು 1990ರ ದಶಕದಲ್ಲೇ ಇಲಿಗಳ ಗಾಯದ ಮೇಲೆ ಇದನ್ನು ಪರೀಕ್ಷಿಸಿ, ಮಾಯುವಿಕೆಗೆ ನೆರವಾಗುವ ಗುಣ ಇದೆ ಅಂತ ಪ್ರಕಟಿಸಿದ್ದಾರೆ. ಒಳ್ಳೆಯದೇ. ಆದರೆ ಅದು ಮೂರನೇ ಮೆಟ್ಟಿಲು. ಅಲ್ಲಿಂದ ಔಷಧಿ ಅಂಗಡಿಗೆ ಇನ್ನೂ ದೂರ ಇದೆ.

ಇಲಿಯ ಡೋಸು, ನಮ್ಮ ಡೋಸು

ಇಲ್ಲಿ ಒಂದು ಲೆಕ್ಕ ಕಲಿತುಕೊಳ್ರಿ, ಜೀವನಪೂರ್ತಿ ಉಪಯೋಗಕ್ಕೆ ಬರ್ತದ. ಒಂದು ವರದಿಯಲ್ಲಿ “ಕೆ.ಜಿ. ತೂಕಕ್ಕೆ 200 ಮಿ.ಗ್ರಾಂ. ಸಾರ ಕೊಟ್ಟಾಗ ಇಲಿಯ ಬಾವು ಇಳಿಯಿತು” ಅಂತ ಇದೆ ಅನ್ನೋಣ. ಇಲಿಯ ಡೋಸನ್ನು ಮನುಷ್ಯನಿಗೆ ಹೊಂದಿಸಲು ಸುಮಾರು 6.2ರಿಂದ ಭಾಗಿಸುತ್ತಾರೆ. ಕೆ.ಜಿ.ಗೆ ಸುಮಾರು 32 ಮಿ.ಗ್ರಾಂ. ಆಯಿತು. 60 ಕೆ.ಜಿ. ತೂಕದವರಿಗೆ ಹೆಚ್ಚು ಕಡಿಮೆ 2 ಗ್ರಾಂ ಸಾರ. 100 ಗ್ರಾಂ ಒಣ ಪುಡಿಯಿಂದ 10 ಗ್ರಾಂ ಸಾರ ಬರುವುದಾದರೆ, ಒಂದು ಡೋಸಿಗೆ 20 ಗ್ರಾಂ ಒಣ ಪುಡಿ ಬೇಕು. ಯಾರು ದಿನಾ ಅಷ್ಟು ತಿಂತಾರ? ತಿಂದರೂ ಅದರಲ್ಲಿನ ಬೇರೆ ಅಂಶಗಳು ಹೊಟ್ಟೆಗೆ ಏನು ಮಾಡುತ್ತವೆ? ಇದು ಡೋಸು ತಯಾರಿಸುವ ಲೆಕ್ಕ ಅಲ್ಲ, ನಂಬುವ ಮೊದಲು ತೂಗಿ ನೋಡುವ ಲೆಕ್ಕ.

ನಾಲ್ಕನೇ ಮೆಟ್ಟಿಲು: ಮನುಷ್ಯರು, ಅದೂ ಚೀಟಿ ಎತ್ತಿ

ನೋವಿನ ಸ್ವಭಾವವೇ ಏರೋದು, ಇಳಿಯೋದು. ಜನ ಮದ್ದು ಹುಡುಕುವುದು ನೋವು ಏರಿದಾಗ. ಆಮೇಲೆ ಅದು ಹೇಗೂ ಇಳಿಯುತ್ತದೆ. ಹೆಸರು ಮಾತ್ರ ಕೊನೆಗೆ ಹಚ್ಚಿದ ಮದ್ದಿಗೆ! ಮೆಣಸಿನಕಾಯಿಗೆ ನುಸಿ ಬಿದ್ದಾಗ ಏನೋ ಕಷಾಯ ಹೊಡೀತೀವಿ, ಮರುದಿನ ದೊಡ್ಡ ಮಳೆ ಬರುತ್ತದೆ, ನುಸಿ ಕಡಿಮೆ ಆಗುತ್ತದೆ. ಕಷಾಯ ಗೆದ್ದಿತೋ ಮಳೆ ಗೆದ್ದಿತೋ? ಪಕ್ಕದಲ್ಲಿ ಕಷಾಯ ಹೊಡೆಯದ ನಾಲ್ಕು ಸಾಲು ಬಿಟ್ಟಿದ್ದರೆ ಗೊತ್ತಾಗುತ್ತಿತ್ತು.

ಈ ವಿಷಯದಲ್ಲಿ ನಾವು ರೈತರು ಹೆಮ್ಮೆ ಪಡಬೇಕು. ಚೀಟಿ ಎತ್ತಿ ಪ್ಲಾಟ್ ಹಂಚುವ ಪದ್ಧತಿಯನ್ನು ಗಟ್ಟಿ ಮಾಡಿದ್ದು 1920ರ ದಶಕದಲ್ಲಿ, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್. ಅರಭಾವಿಯಲ್ಲಿ ಓದುವಾಗ ನಾವು ಪರೀಕ್ಷೆಗೆ ಉರುಹೊಡೆದ ಆರ್‌ಬಿಡಿ ಅದೇ. ವೈದ್ಯರು ಅದನ್ನು ಎತ್ತಿಕೊಂಡಿದ್ದು ಆಮೇಲೆ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ 1948ರ ಬ್ರಿಟಿಷ್ ಪ್ರಯೋಗವನ್ನು ಇಂಥ ಮೊದಲ ದೊಡ್ಡ ವೈದ್ಯಕೀಯ ಪ್ರಯೋಗ ಅಂತ ಹೇಳುತ್ತಾರೆ. ಹೊಲದ ಬುದ್ಧಿ ಆಸ್ಪತ್ರೆಗೆ ಹೋಗಿದ್ದು!

ಸೊಲ್ಲಾಪುರದ ಜೇನು

ಈಗ ನಮ್ಮ ಗಡಿಯಾಚೆಯ ಒಂದು ನಿಜವಾದ ಪ್ರಯೋಗ. ಸೊಲ್ಲಾಪುರದ ಡಾ. ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ 1991ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಮೇಲ್ಮೈ ಸುಟ್ಟಗಾಯದ 104 ಜನ. 52 ಜನರಿಗೆ ಜೇನಿನ ಪಟ್ಟಿ, 52 ಜನರಿಗೆ ಆಗ ಎಲ್ಲೆಡೆ ಬಳಕೆಯಲ್ಲಿದ್ದ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು.

ಜೇನು ಹಚ್ಚಿದವರಲ್ಲಿ ಶೇ. 91 ಗಾಯಗಳು ಏಳು ದಿನದೊಳಗೆ ಸೋಂಕಿನಿಂದ ಮುಕ್ತವಾದವು. ಮುಲಾಮಿನವರಲ್ಲಿ ಅದು ಶೇ. 7. ಹದಿನೈದು ದಿನದೊಳಗೆ ಮಾಯಿದ್ದು ಜೇನಿನವರಲ್ಲಿ ಶೇ. 87, ಮುಲಾಮಿನವರಲ್ಲಿ ಶೇ. 10. ನೋವೂ ಕಡಿಮೆ ಅಂತ ವರದಿ ಹೇಳಿತು.

ಇಷ್ಟು ಓದಿ ಕುಣಿಯಬೇಡ್ರಿ, ಒಳಗೆ ನೋಡ್ರಿ. ಒಂದು, ಹೋಲಿಸಿದ್ದು ಯಾವುದರ ಜೊತೆ? ಸಿಲ್ವರ್ ಸಲ್ಫಾಡಯಾಜಿನ್ ಹೊಸ ಚರ್ಮ ಬೆಳೆಯುವುದನ್ನೇ ನಿಧಾನ ಮಾಡುತ್ತದೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಎದುರಾಳಿ ಕುಂಟುತ್ತಿದ್ದರೆ ಓಟದಲ್ಲಿ ಗೆಲುವು ದೊಡ್ಡದಾಗಿ ಕಾಣುತ್ತದೆ. ಎರಡು, ಜೇನು ಹಚ್ಚಿದ್ದು ವೈದ್ಯರಿಗೂ ರೋಗಿಗೂ ಗೊತ್ತಾಗುತ್ತದೆ, ಮುಚ್ಚಿಡಲು ಆಗದು. ಮೂರು, ಇದು ಒಂದೇ ಆಸ್ಪತ್ರೆಯ ಮಾತು.

ಅದಕ್ಕೇ ಐದನೇ ಮೆಟ್ಟಿಲು ಬೇಕು: ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಹಾಕಿ ತೂಗುವುದು. ಕೊಕ್ರೇನ್ ಅನ್ನುವ ಅಂತರರಾಷ್ಟ್ರೀಯ ಗುಂಪು 2015ರಲ್ಲಿ ಗಾಯಕ್ಕೆ ಜೇನಿನ ಬಗ್ಗೆ 26 ಪ್ರಯೋಗ, 3,011 ಜನರ ಲೆಕ್ಕ ತೆಗೆಯಿತು. ಚರ್ಮದ ಪೂರ್ತಿ ಆಳಕ್ಕೆ ಹೋಗದ ಸುಟ್ಟಗಾಯ ಸಾಮಾನ್ಯ ಪಟ್ಟಿಗಿಂತ ಜೇನಿನಿಂದ ನಾಲ್ಕೈದು ದಿನ ಬೇಗ ಮಾಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಆದರೆ ಸಿಲ್ವರ್ ಸಲ್ಫಾಡಯಾಜಿನ್ ಜೊತೆಗಿನ ಹೋಲಿಕೆಯ ಪುರಾವೆ ತೀರಾ ದುರ್ಬಲ ಅಂದರು. ಸಕ್ಕರೆ ಕಾಯಿಲೆಯ ಕಾಲು ಹುಣ್ಣಿಗೆ ಲಾಭ ಅಂತ ಹೇಳುವಷ್ಟು ಪುರಾವೆ ಇಲ್ಲ ಅಂದರು. ನೋಡಿದ್ರಾ, ಉತ್ತರ “ಹೌದು” ಅಥವಾ “ಇಲ್ಲ” ಅಂತ ಬರಲಿಲ್ಲ. “ಇಂಥ ಗಾಯಕ್ಕೆ, ಇಂಥದ್ದಕ್ಕೆ ಹೋಲಿಸಿದರೆ, ಇಷ್ಟು” ಅಂತ ಬಂತು. ಖರೇ ಉತ್ತರ ಯಾವಾಗಲೂ ಹಿಂಗೇ ಇರ್ತದ.

ಜೇನು ಹೆಂಗ ಕೆಲಸ ಮಾಡ್ತದ?

ಜೇನಿನಲ್ಲಿ ಸುಮಾರು ಶೇ. 80 ಸಕ್ಕರೆ. ಬ್ಯಾಕ್ಟೀರಿಯಾಕ್ಕೆ ಬೇಕಾದ ನೀರನ್ನು ಅದು ಎಳೆದುಕೊಳ್ಳುತ್ತದೆ. ಅದು ಹುಳಿ ಗುಣದ್ದು. ಜೊತೆಗೆ ಹುಳ ಸೇರಿಸಿದ ಗ್ಲೂಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವ, ಜೇನು ತೆಳುವಾದಾಗ ಸಣ್ಣ ಪ್ರಮಾಣದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ನ್ಯೂಜಿಲೆಂಡಿನ ಮನುಕಾ ಜೇನಿನಲ್ಲಿ ಮೀಥೈಲ್‌ಗ್ಲೈಆಕ್ಸಾಲ್ ಅನ್ನುವ ಬೇರೆ ಅಂಶ ಜೋರಾಗಿದೆ. ಹೂವು ಬದಲಾದರೆ ಜೇನು ಬದಲಾಗುತ್ತದೆ.

ಆ ಕಿಣ್ವ ಬಿಸಿಗೂ ಬೆಳಕಿಗೂ ಕೆಡುತ್ತದೆ. ಒಲೆಯ ಮೇಲೆ ಕಾಯಿಸಿ ಸೋಸಿದ ಜೇನು, ಅಂಗಡಿಯ ಮುಂದೆ ಬಿಸಿಲಿಗೆ ಇಟ್ಟ ಬಾಟಲಿ, ಇವುಗಳಲ್ಲಿ ಆ ಗುಣ ಕಳೆದುಹೋಗುತ್ತದೆ. ಇನ್ನೊಂದು ಮುಖ್ಯ ಮಾತು: ಆಸ್ಪತ್ರೆಯಲ್ಲಿ ಬಳಸುವ ಜೇನನ್ನು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿರುತ್ತಾರೆ, ಯಾಕಂದ್ರ ಹಸಿ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಅದಕ್ಕೇ ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು. ನಮ್ಮ ಪೆಟ್ಟಿಗೆಯ ಜೇನು ತಿನ್ನಲಿಕ್ಕೆ ಅತ್ಯುತ್ತಮ. ತೆರೆದ ಗಾಯದ ಔಷಧಿ ಅಂತ ಮಾರುವ ಸರಕು ಅದಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಪಕ್ಕದ ಹೊಲದ ಕಾಕಾಗ ಶುಗರ್ ಇತ್ತು. ಬೆರಳಿಗೆ ಕಲ್ಲು ತಾಗಿ ಗಾಯ ಆಯಿತು. ಅರಿಶಿಣ ಸುಣ್ಣ, ಆಮೇಲೆ ಜೇನು, ಹಿಂಗ ಮೂರು ವಾರ ಹಚ್ಚಿದರು. ನರ ಸತ್ತಿದ್ದರಿಂದ ನೋವು ಕಾಣಲಿಲ್ಲ, “ಮದ್ದು ಹತ್ತೈತಿ” ಅಂದುಕೊಂಡರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎರಡು ಬೆರಳು ತೆಗೆಯಬೇಕಾಯಿತು. ಈಗಲೂ ನೀರು ಹಾಯಿಸಲು ಬರ್ತಾರ, ಗೂಟ ಊರಿಕೊಂಡು. ಅವರಿಗೆ ಆ ಜೇನು ಕೊಟ್ಟವರ ಬಾಟಲಿ ಮೇಲೆ “ಎಲ್ಲ ಗಾಯಕ್ಕೂ” ಅಂತ ಬರೆದಿತ್ತು.

ಅರಿಶಿಣದ ಲೆಕ್ಕ

1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ “ಗಾಯ ಮಾಯಿಸಲು ಅರಿಶಿಣ” ಅನ್ನುವುದಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಸಿಎಸ್‌ಐಆರ್ ಹಳೇ ಗ್ರಂಥ, ಲೇಖನಗಳನ್ನು ಮುಂದಿಟ್ಟು ವಾದಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ದೊಡ್ಡ ಗೆಲುವು. ಆದರೆ ಅಲ್ಲಿ ಸಾಬೀತಾಗಿದ್ದು “ಇದು ಹೊಸ ವಿಚಾರ ಅಲ್ಲ, ಭಾರತದವರಿಗೆ ಮೊದಲೇ ಗೊತ್ತಿತ್ತು” ಅನ್ನುವುದು. ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಬೇರೆ ಪ್ರಶ್ನೆ. ಈ ಎರಡನ್ನೂ ಕೂಡಿಸಬೇಡ್ರಿ.

ಅರಿಶಿಣದ ಮುಖ್ಯ ಅಂಶ ಕರ್ಕ್ಯುಮಿನ್. ಸಾಮಾನ್ಯ ಪುಡಿಯಲ್ಲಿ ಶೇ. 3ರ ಹತ್ತಿರ, ಪ್ರತಿಭಾ ಅಂಥ ತಳಿಯಲ್ಲಿ ಶೇ. 6ರ ಆಸುಪಾಸು. ಇದು ಕರುಳಿನಿಂದ ರಕ್ತಕ್ಕೆ ಹೋಗುವುದೇ ಕಷ್ಟ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರೂ ರಕ್ತದಲ್ಲಿ ಕಂಡಿದ್ದು ಅಷ್ಟಕ್ಕಷ್ಟೇ. ಕಾಳುಮೆಣಸಿನ ಪೈಪರಿನ್ 20 ಮಿ.ಗ್ರಾಂ. ಸೇರಿಸಿದಾಗ ಅದು ಸುಮಾರು 20 ಪಟ್ಟು ಹೆಚ್ಚಿತು. “ಅರಿಶಿಣ ಹಾಲಿಗೆ ಮೆಣಸು ಹಾಕ್ರಿ” ಅನ್ನುವ ರೀಲ್ಸ್‌ನ ಮೂಲ ಇದೇ. ಆದರೆ ತೀರಾ ಕಡಿಮೆ ಇದ್ದದ್ದು 20 ಪಟ್ಟಾದರೂ ದೊಡ್ಡದೇನೂ ಆಗದು.

ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆ ಥಾಯ್ಲೆಂಡಿನದು. 2014ರ ವರದಿ, ಮೊಣಕಾಲು ಸವೆತದ 367 ಜನ, ನಾಲ್ಕು ವಾರ. ಒಂದು ಗುಂಪಿಗೆ ದಿನಕ್ಕೆ 1,500 ಮಿ.ಗ್ರಾಂ. ಅರಿಶಿಣದ ಸಾರ, ಇನ್ನೊಂದಕ್ಕೆ 1,200 ಮಿ.ಗ್ರಾಂ. ಐಬುಪ್ರೊಫೆನ್. ನೋವು ಇಳಿದಿದ್ದು ಹೆಚ್ಚು ಕಡಿಮೆ ಸಮ, ಹೊಟ್ಟೆಯ ತೊಂದರೆ ಅರಿಶಿಣದವರಲ್ಲಿ ಕಡಿಮೆ. ಒಳ್ಳೇ ಸುದ್ದಿ. ಆದರೆ ಏನೂ ಇಲ್ಲದ ಹುಸಿ ಗುಳಿಗೆಯ ಮೂರನೇ ಗುಂಪು ಅಲ್ಲಿ ಇರಲಿಲ್ಲ ಅನ್ನುವುದನ್ನೂ ನೆನಪಿಡ್ರಿ.

ಈಗ ನಮ್ಮ ಲೆಕ್ಕ. 1,500 ಮಿ.ಗ್ರಾಂ. ಕರ್ಕ್ಯುಮಿನ್‌ಗೆ ಶೇ. 3ರ ಪುಡಿ ಎಷ್ಟು ಬೇಕು? 50 ಗ್ರಾಂ, ದಿನಾ! ಒಂದು ಚಮಚ ಪುಡಿ, ಅಂದ್ರ 3 ಗ್ರಾಂನಲ್ಲಿ ಸಿಗುವುದು 90 ಮಿ.ಗ್ರಾಂ. ಹಾಗಾಗಿ ಕ್ಯಾಪ್ಸೂಲ್‌ನ ಫಲಿತಾಂಶವನ್ನು ನಮ್ಮ ಪಾಕೀಟಿನ ಮೇಲೆ ಬರೆಯುವುದು ಸುಳ್ಳಾಗುತ್ತದೆ. ಇನ್ನು ಹೆಚ್ಚು ಹೀರಿಕೊಳ್ಳುವ ಹಾಗೆ ಮಾಡಿದ ಗಟ್ಟಿ ಸಾರದ ಗುಳಿಗೆ ತಿಂದು ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಇಟಲಿ, ಅಮೆರಿಕದಲ್ಲಿ ದಾಖಲಾಗಿವೆ. ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರು, ಪಿತ್ತಕೋಶದ ಕಲ್ಲಿರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಅಡುಗೆಯ ಅರಿಶಿಣಕ್ಕೆ ಈ ಭಯ ಬೇಡ.

ಜೇನಿನ ವಿಷ, ಜೇನಿನ ಅಂಟು

“ಮೊಣಕಾಲಿಗೆ ಹುಳ ಕಚ್ಚಿಸಿಕೊಂಡ್ರ ವಾತ ಹೋಗ್ತೈತಿ” ಅನ್ನುವವರು ಇದ್ದಾರೆ. ಜೇನಿನ ಒಣ ವಿಷದಲ್ಲಿ ಅರ್ಧದಷ್ಟು ಮೆಲಿಟಿನ್. ಲ್ಯಾಬ್‌ನಲ್ಲಿ ಇಲಿಗೆ ನೋವು *ಬರಿಸಲು* ಇದೇ ವಿಷವನ್ನು ಚುಚ್ಚುತ್ತಾರೆ! ತೀರಾ ಸಣ್ಣ ಪ್ರಮಾಣದಲ್ಲಿ ಬಾವು ತಗ್ಗಿಸಿದ ಪ್ರಾಣಿ ಪ್ರಯೋಗಗಳೂ ಇವೆ. ಮನುಷ್ಯರಲ್ಲಿ? 2015ರ ಒಂದು ಒಟ್ಟು ಲೆಕ್ಕದಲ್ಲಿ, ಉಪ್ಪುನೀರಿನ ಸೂಜಿಗೆ ಹೋಲಿಸಿದರೆ ಜೇನು ವಿಷದ ಸೂಜಿಯಿಂದ ಅಡ್ಡಪರಿಣಾಮ ಮೂರು ಪಟ್ಟಿಗೂ ಹೆಚ್ಚು ಕಂಡಿತು. ಅಲರ್ಜಿ ಇದ್ದವರಿಗೆ ಒಂದೇ ಕಡಿತ ಜೀವ ತೆಗೆಯಬಲ್ಲದು. ಹೊಲಕ್ಕೆ ಬಂದವರಿಗೆ ಹುಳ ಕಚ್ಚಿಸುವ “ಸೇವೆ” ಇಡಲೇಬೇಡ್ರಿ.

ಪ್ರೊಪೊಲಿಸ್ ಅಂದ್ರೆ ಹುಳ ಮರದ ಅಂಟು ತಂದು ಗೂಡಿನ ಬಿರುಕು ಮುಚ್ಚುವ ಪದಾರ್ಥ. ಯುರೋಪಿನದು ಪಾಪ್ಲರ್ ಮರದ್ದು, ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್ ಬೇರೆ ಪೊದೆಯದ್ದು, ಒಳಗಿನ ಅಂಶವೂ ಬೇರೆ. ಅಲ್ಲಿಯ ಫಲಿತಾಂಶ ಇಲ್ಲಿಗೆ ಹೊಂದದು. ಇನ್ನೊಂದು ಗುಟ್ಟು: ನಮ್ಮ ತುಡುವೆ ಹುಳ ಪ್ರೊಪೊಲಿಸ್ ಸಂಗ್ರಹಿಸುವುದಿಲ್ಲ. ಮೆಲ್ಲಿಫೆರಾ ಮತ್ತು ಮುಜಂಟಿ ಸಂಗ್ರಹಿಸುತ್ತವೆ. “ತುಡುವೆ ಪ್ರೊಪೊಲಿಸ್” ಅಂತ ಯಾರಾದರೂ ಮಾರಿದರೆ ನಕ್ಕು ಮುಂದೆ ಹೋಗ್ರಿ.

ಲೇಬಲ್ ಮ್ಯಾಲೆ ಏನು?

1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಸಂಧಿವಾತ, ಸಕ್ಕರೆ ಕಾಯಿಲೆ ಎರಡೂ ಇವೆ. ಇವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು ಅಪರಾಧ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ವಾಟ್ಸ್‌ಆ್ಯಪ್ ಸ್ಟೇಟಸ್ ಕೂಡ ಜಾಹೀರಾತೇ ಅಂತ ತಿಳ್ಕೊಂಡು ನಡೀರಿ.

ಹಾಗಾದ್ರ ಏನು ಬರೀಬೇಕು? ಸಾಬೀತು ಮಾಡಬಹುದಾದ್ದನ್ನು ಬರೀರಿ.

ಅರಿಶಿಣಕ್ಕೆ: ತಳಿ, ಊರು, ಕೊಯ್ದ ತಿಂಗಳು, ಲ್ಯಾಬ್ ವರದಿಯ ಕರ್ಕ್ಯುಮಿನ್ ಶೇಕಡಾ, “ಬಣ್ಣ ಬೆರೆಸಿಲ್ಲ”. ಹೊಳಪಿಗೆ ಬಳಸುವ ಲೆಡ್ ಕ್ರೋಮೇಟ್ ಸೀಸದ ವಿಷ, ಅದು ಇಲ್ಲ ಅನ್ನುವ ವರದಿಯೇ ದೊಡ್ಡ ಮಾರಾಟದ ಮಾತು.

ಜೇನಿಗೆ: ಹುಳದ ಜಾತಿ, ಹೂವಿನ ಕಾಲ, ತೇವಾಂಶ, “ಕಾಯಿಸಿಲ್ಲ”. ತೇವಾಂಶ ಶೇ. 20 ದಾಟಬಾರದು ಅಂತ ನಿಯಮ. ಅಳೆಯಲು ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್ ಸಾಕು. ನೀರಿನ ಲೋಟ, ಬೆಂಕಿಕಡ್ಡಿ, ಹೆಬ್ಬೆರಳ ಉಗುರಿನ ಪರೀಕ್ಷೆ ನಂಬಬೇಡ್ರಿ, ಅವು ಏನನ್ನೂ ಹೇಳುವುದಿಲ್ಲ.

ಎರಡಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ನಂಬರ್ ಇರಲಿ.

ಮೊಬೈಲ್‌ನಾಗ ಐದು ಪ್ರಶ್ನೆ

ಇನ್ನು ಮುಂದೆ “ಸಂಶೋಧನೆ ಹೇಳ್ತದ” ಅನ್ನುವ ಫಾರ್ವರ್ಡ್ ಬಂದರೆ ಈ ಐದನ್ನು ಕೇಳ್ರಿ:

1. ತಟ್ಟೆಯೋ, ಇಲಿಯೋ, ಮನುಷ್ಯರೋ?
2. ಎಷ್ಟು ಜನ, ಎಷ್ಟು ದಿನ?
3. ಯಾವುದರ ಜೊತೆ ಹೋಲಿಸಿದರು? ಚೀಟಿ ಎತ್ತಿ ಹಂಚಿದರೋ?
4. ಡೋಸು ಎಷ್ಟು? ನಮ್ಮ ಪುಡಿಯಲ್ಲಿ, ಜೇನಿನಲ್ಲಿ ಅಷ್ಟು ಸಿಗುತ್ತದೋ?
5. ತೊಂದರೆ ಯಾರಿಗೆ ಆಯಿತು ಅಂತ ಬರೆದಿದ್ದಾರೋ?

ನಮ್ಮ ದೇಶದ ಮನುಷ್ಯರ ಮೇಲಿನ ಪ್ರಯೋಗಗಳನ್ನು ಸಿಟಿಆರ್‌ಐ ಅನ್ನುವ ಸರಕಾರಿ ನೋಂದಣಿ ಜಾಲತಾಣದಲ್ಲಿ 2007ರಿಂದ ದಾಖಲಿಸುತ್ತಿದ್ದಾರೆ. ಗಿಡದ ಹೆಸರು ಹಾಕಿ ನೀವೇ ಹುಡುಕಬಹುದು, ದುಡ್ಡು ಬೇಕಿಲ್ಲ.

ಈ ವಾರದ ಮನೆಪಾಠ

ಮನುಷ್ಯರ ಮೇಲೆ ಪ್ರಯೋಗ ನಮ್ಮ ಕೆಲಸ ಅಲ್ಲ. ಆದರೆ ಅದೇ ಪದ್ಧತಿಯನ್ನು ನಮ್ಮ ಸರಕಿನ ಮೇಲೆ ಮಾಡಬಹುದು. ಅರಿಶಿಣ ಬೇಯಿಸಿದ ದಿನ, ಒಂದೇ ರಾಶಿಯ ಗಡ್ಡಿಯನ್ನು ಎಂಟು ಸಮ ಪಾಲು ಮಾಡ್ರಿ. ಒಂದರಿಂದ ಎಂಟು ನಂಬರ್ ಬರೆದು ಚೀಟಿ ಎತ್ತಿ. ಮೊದಲು ಬಂದ ನಾಲ್ಕು ಪಾಲು ಕಣದಲ್ಲಿ ನೇರ ಬಿಸಿಲಿಗೆ, ಉಳಿದ ನಾಲ್ಕು ಗಾಳಿಯಾಡುವ ನೆರಳು ಪರದೆಯ ಕೆಳಗೆ. ಮುರಿದಾಗ ಟಕ್ ಅಂತ ಶಬ್ದ ಬರುವ ತನಕ ಒಣಗಿಸ್ರಿ. ಪ್ರತಿ ಪಾಲಿಗೆ ಎಷ್ಟು ದಿನ ಹಿಡಿಯಿತು, ತೂಕ ಎಷ್ಟು ಉಳಿಯಿತು ಬರೆದಿಡ್ರಿ. ಪ್ರತಿಯೊಂದರಿಂದ 100 ಗ್ರಾಂ ಪುಡಿ ಮಾಡಿ, ಬರೀ ನಂಬರ್ ಹಾಕಿ ಕರ್ಕ್ಯುಮಿನ್ ಪರೀಕ್ಷೆಗೆ ಕಳಿಸ್ರಿ. ಯಾವುದು ಬಿಸಿಲಿನದು, ಯಾವುದು ನೆರಳಿನದು ಅಂತ ಲ್ಯಾಬ್‌ನವರಿಗೆ ಹೇಳಬೇಡ್ರಿ. ಎಂಟು ಮಾದರಿಯ ಖರ್ಚು ಜಾಸ್ತಿ ಅನ್ನಿಸಿದರೆ ನಾಲ್ಕು ಗೆಳೆಯರು ಕೂಡಿ ಮಾಡ್ರಿ.

ಬಂದ ಎಂಟು ಸಂಖ್ಯೆಗಳನ್ನು ಎರಡು ಸಾಲಾಗಿ ಬರೆದು, ದಿನ ಮತ್ತು ತೂಕದ ಲೆಕ್ಕದ ಜೊತೆ ನನಗೆ ಕಳಿಸ್ರಿ. ಮುಂದಿನ ವಾರ ಆ ಸಂಖ್ಯೆಗಳ ನಡುವಿನ ವ್ಯತ್ಯಾಸ ಖರೇನೋ, ಬರೀ ಅದೃಷ್ಟವೋ ಅಂತ ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲೇ ಲೆಕ್ಕ ಹಾಕುವುದನ್ನು ಕಲಿಯೋಣ. ಅಲ್ಲಿ ತನಕ ಬಾಟಲಿ ನೆರಳಿನಾಗ ಇಡ್ರಿ, ಶುಗರ್ ಇದ್ದವರ ಗಾಯ ಕಂಡ್ರ ಆಸ್ಪತ್ರೆಗೆ ಕಳಿಸ್ರಿ.